‘ಅವನೇ ಶ್ರೀಮನ್ನಾರಾಯಣ’: ನಕ್ಷೆಯಲ್ಲಿಲ್ಲದ ಊರಿನ ಕಥೆ

2019ರ ಡಿಸೆಂಬರ್ 27ರಂದು ತೆರೆಕಂಡ ‘ಅವನೇ ಶ್ರೀಮನ್ನಾರಾಯಣ’ ಕನ್ನಡ ಪ್ರೇಕ್ಷಕರನ್ನು ಇಬ್ಭಾಗ ಮಾಡಿದ ಚಿತ್ರ. ಸಂಕಲನಕಾರರಾಗಿ ಹೆಸರಾಗಿದ್ದ ಸಚಿನ್ ರವಿ ಇದರ ನಿರ್ದೇಶಕರು. ರಕ್ಷಿತ್ ಶೆಟ್ಟಿ ನಾಯಕರು. ಅಮರಾವತಿಯೆಂಬ ಕಲ್ಪಿತ ಊರು, ಅಭೀರರೆಂಬ ಡಕಾಯಿತರು, ನಾಟಕ ಮಂಡಳಿಯವರು ಅಪಹರಿಸಿದ ನಿಧಿ, ಅದರ ಬೆನ್ನು ಹತ್ತುವ ನಾರಾಯಣನೆಂಬ ಚತುರ ಪೊಲೀಸ್ ಅಧಿಕಾರಿ: ಇಷ್ಟು ಕಥೆಯ ಹಂದರ.

ಸಿಯಾಟಲ್ ಸುತ್ತಮುತ್ತಲಿನ ನಮ್ಮ ಕನ್ನಡ ಬಳಗದಲ್ಲಿ ಈ ಚಿತ್ರದ ಮಾತೆತ್ತಿದರೆ ಇಂದಿಗೂ ವಾದ ಏಳುತ್ತದೆ. “ಕೌಬಾಯ್ ಟೋಪಿ, ಮರದ ಬಾರು, ಇದೆಲ್ಲ ಕರ್ನಾಟಕದ ಯಾವ ಊರಿನಲ್ಲಿದೆ?” ಎಂಬುದು ಹಿರಿಯರ ಆಕ್ಷೇಪ. ರೆಡ್‌ಮಂಡ್, ಬೆಲ್‌ವ್ಯೂಗಳಲ್ಲಿ ಬೆಳೆದ ಮಕ್ಕಳಿಗೆ ಅದೇ ಭಾಗ ಪ್ರಿಯ. ಹೆಸರುಗಳ ಹಿಂದಿನ ಚೇಷ್ಟೆ ಮಾತ್ರ ಅವರಿಗೆ ದಕ್ಕುವುದಿಲ್ಲ.

ಈ ಚಿತ್ರದ ದೃಶ್ಯಶೈಲಿಗೆ ಎರಡು ತವರುಗಳಿವೆ ಎಂದು ನನ್ನ ಎಣಿಕೆ. ಮೊದಲನೆಯದು 1960ರ ದಶಕದಲ್ಲಿ ಇಟಲಿಯ ಸೆರ್ಜಿಯೊ ಲಿಯೋನೆ ನಿರ್ದೇಶಿಸಿದ ಕೌಬಾಯ್ ಚಿತ್ರಗಳ ಲೋಕ. ಅವರು ತೋರಿಸಿದ ಅಮೆರಿಕವೂ ಬಹುಪಾಲು ಸ್ಪೇನಿನ ಒಣನೆಲದಲ್ಲಿ ಕಟ್ಟಿದ ಕಲ್ಪನೆಯೇ. ಎರಡನೆಯದು ನಮ್ಮ ಪುರಾಣ ಮತ್ತು ಕಂಪನಿ ನಾಟಕ. ಅಮರಾವತಿ ಇಂದ್ರನ ರಾಜಧಾನಿ. ಮಹಾಭಾರತದ ಮೌಸಲಪರ್ವದಲ್ಲಿ, ಕೃಷ್ಣನ ನಿರ್ಯಾಣದ ಬಳಿಕ ಅರ್ಜುನನ ರಕ್ಷಣೆಯಲ್ಲಿ ಹೊರಟ ದ್ವಾರಕೆಯ ಸ್ತ್ರೀಯರನ್ನು ಅಡ್ಡಗಟ್ಟಿ ದೋಚಿದವರು ಆಭೀರರು. ಅಲ್ಲಿ ನಾರಾಯಣನಿಲ್ಲದ ಲೋಕದಲ್ಲಿ ಗೆದ್ದವರಿಗೆ ಇಲ್ಲಿ ಖಾಕಿ ತೊಟ್ಟ ನಾರಾಯಣನೇ ಎದುರಾಗುತ್ತಾನೆ. ಈ ವಿನೋದ ಮೌಸಲಪರ್ವ ಬಲ್ಲವರಿಗೇ ಹೆಚ್ಚು ರುಚಿಸೀತು.

ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳು ರಂಗಕ್ಕೆ ಬರುತ್ತಿದ್ದವು; ಹಿಂದಿನ ಪರದೆ ಮಾತ್ರ ಬಣ್ಣ ಬಳಿದದ್ದು. ಆ ಪರದೆಯ ಮೇಲಿನ ಅರಮನೆ ಯಾವ ಊರಿನದೆಂದು ನಮ್ಮ ಅಜ್ಜಂದಿರು ಕೇಳಲಿಲ್ಲ. ನಾಟಕದವರ ಸುತ್ತಲೇ ಹೆಣೆದ ಈ ಚಿತ್ರವೂ ಅದೇ ಒಪ್ಪಂದವನ್ನು ಬೇಡುತ್ತದೆ.

ದೋಷಗಳಿಲ್ಲವೆಂದಲ್ಲ. ಮೂರು ಗಂಟೆ ಮೀರಿದ ಅವಧಿ ದೀರ್ಘವೇ ಸರಿ. ಉತ್ತರಾರ್ಧದಲ್ಲಿ ಒಗಟಿನ ಮೇಲೆ ಒಗಟು ಬಂದು ನಗೆ ಸೊರಗುತ್ತದೆ. ಆದರೆ ‘ಬರಿಯ ಅನುಕರಣೆ’ ಎಂಬ ತೀರ್ಪು ಚಿತ್ರದ ಅರ್ಧಭಾಗವನ್ನಷ್ಟೇ ನೋಡಿ ಕೊಟ್ಟದ್ದು.

ಹೊರನಾಡಿನ ಮನೆಗಳಲ್ಲಿ ಆ ಎರಡು ಅರ್ಧಗಳು ಎರಡು ತಲೆಮಾರುಗಳಲ್ಲಿ ಹಂಚಿಹೋಗಿವೆ. ಆದ್ದರಿಂದ ಇದನ್ನು ಮಕ್ಕಳೊಡನೆ ಕುಳಿತು ನೋಡುವುದು ಲೇಸು. ಕೌಬಾಯ್ ಲೋಕವನ್ನು ಅವರು ನಮಗೆ ವಿವರಿಸಲಿ. ಆಭೀರರು ಯಾರೆಂದು ನಾವು ಅವರಿಗೆ ಕನ್ನಡದಲ್ಲಿ ಹೇಳೋಣ. ಹೇಳುವವರಿಲ್ಲದಿದ್ದರೆ ಆ ಹೆಸರು ಅವರಿಗೆ ಬರಿಯ ಸದ್ದಾಗಿ ಉಳಿಯುತ್ತದೆ.