ವಿದ್ಯಾರ್ಥಿಗಳಿಂದ ತಂತ್ರಾಂಶ ಮಾಡಿಸುವವರ ಹೊಣೆ

ಪಹಣಿ ಪತ್ರಿಕೆಯು ಗಣಕಯಂತ್ರದಿಂದ ದೊರೆಯುವುದು ಗ್ರಾಮಗಳಲ್ಲಿ ಈಗ ಹೊಸ ಸಂಗತಿಯಾಗಿ ಉಳಿದಿಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಲೆಕ್ಕಪತ್ರಗಳನ್ನೂ ಇದೇ ರೀತಿಗೆ ತರುವುದಕ್ಕಾಗಿ ಭಾರತ ಸರ್ಕಾರದವರು ೨೦೨೨ನೆಯ ಇಸವಿಯಲ್ಲಿ ೬೩,೦೦೦ ಸಂಘಗಳಿಗೆ ಅನ್ವಯಿಸುವ ೨,೫೧೬ ಕೋಟಿ ರೂಪಾಯಿಗಳ ಯೋಜನೆಯೊಂದಕ್ಕೆ ಒಪ್ಪಿಗೆ ಕೊಟ್ಟರು. ಇದಲ್ಲದೆ ಹಾಲಿನ ಸಂಘ, ರೈತ ಉತ್ಪಾದಕರ ಕಂಪನಿ, ಬಾಡಿಗೆಗೆ ಯಂತ್ರ ಒದಗಿಸುವ ಕೇಂದ್ರ, ನೀರಿನ ಸರದಿ ಮೊದಲಾದುವುಗಳ ಲೆಕ್ಕವನ್ನಿಡುವುದಕ್ಕೆ ಸಣ್ಣ ಸಣ್ಣ ತಂತ್ರಾಂಶಗಳು ಬೇಕಾಗುವುದುಂಟು. ಗಣಕಯಂತ್ರವು ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ತಿಳಿಸುವ ಆಜ್ಞೆಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಇಂಥ ಕೆಲಸವನ್ನು ಸಮೀಪದ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ತಂಡಕ್ಕೆ ವಹಿಸಿದಲ್ಲಿ ಖರ್ಚು ಕಡಿಮೆಯಾಗುವುದಲ್ಲದೆ ವಿದ್ಯಾರ್ಥಿಗಳಿಗೂ ನಿಜವಾದ ಅನುಭವ ದೊರಕುವುದು. ಆದರೆ ಮಾಡಿಸಿದ ತಂತ್ರಾಂಶವು ಮೂಲೆಗೆ ಬೀಳದೆ ಬಳಕೆಯಲ್ಲಿ ನಿಲ್ಲಬೇಕಾದರೆ, ಮಾಡುವವರ ಜಾಣತನ ಮಾತ್ರವೇ ಸಾಲದು. ಮಾಡಿಸುವವರು ತಮ್ಮ ಪಾಲಿನ ಕೆಲಸವನ್ನು ಅರಿತು ನಡೆಸತಕ್ಕದ್ದು.

ಈ ವಿಷಯದಲ್ಲಿ ಅಮೆರಿಕಾ ದೇಶದ ಲಾಸ್ ಏಂಜಲೀಸ್ ನಗರದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ನಡೆದ ಪ್ರಯೋಗವು ವಿಚಾರಾರ್ಹವಾದುದು. ಟಿ.ಆರ್.ಡಬ್ಲ್ಯು. ಎಂಬ ದೊಡ್ಡ ಉದ್ಯಮದಲ್ಲಿ ಬಹುಕಾಲ ತಂತ್ರಾಂಶದ ಕೆಲಸ ನಡೆಸಿ, ೧೯೯೨ರಲ್ಲಿ ಈ ವಿಶ್ವವಿದ್ಯಾನಿಲಯವನ್ನು ಸೇರಿದ ಪ್ರೊಫೆಸರ್ ಬ್ಯಾರಿ ಬೋಮ್ (೧೯೩೫–೨೦೨೨) ಎಂಬವರು ಈ ಪ್ರಯೋಗಕ್ಕೆ ಕಾರಣರು. ತರಗತಿಯಲ್ಲಿ ಕಲ್ಪಿತ ಲೆಕ್ಕಗಳನ್ನು ಮಾಡಿಸುವುದಕ್ಕಿಂತ ನಿಜವಾದ ಅವಶ್ಯಕತೆಯುಳ್ಳವರ ಕೆಲಸವನ್ನೇ ವಿದ್ಯಾರ್ಥಿಗಳಿಗೆ ವಹಿಸುವುದು ಲೇಸೆಂದು ಅವರು ಭಾವಿಸಿದರು. ೧೯೯೬–೯೭ನೆಯ ಸಾಲಿನಲ್ಲಿ ವಿದ್ಯಾರ್ಥಿಗಳ ೧೫ ತಂಡಗಳು ವಿಶ್ವವಿದ್ಯಾನಿಲಯದ ಪುಸ್ತಕಾಲಯಗಳ ಕೆಲಸವನ್ನು ಕೈಗೊಂಡವು. ಕಲಿತ ಪಾಠಗಳನ್ನು ಅವರೂ ಅವರ ಸಹೋದ್ಯೋಗಿಗಳೂ ೧೯೯೮ರಲ್ಲಿ ಪ್ರಕಟಿಸಿದರು. ಮುಂದಿನ ವರ್ಷಗಳಲ್ಲಿ ವಿಶ್ವವಿದ್ಯಾನಿಲಯದ ಹೊರಗಿನ ಸಂಸ್ಥೆಗಳ ಕೆಲಸಗಳೂ ಇದೇ ರೀತಿಯಲ್ಲಿ ನಡೆದುವು.

ಎರಡು ಕಸುಬಿನವರ ನಡುವಣ ಅಂತರ.— ಪುಸ್ತಕಾಲಯದವರು ತಮಗೆ ಬೇಕಾದುದನ್ನು ಮೊದಲು ಕೆಲವೇ ಪಂಕ್ತಿಗಳಲ್ಲಿ ತಿಳಿಸಿದ್ದರು. ಯೂರೋಪಿನ ಮಧ್ಯಯುಗದ ಹಸ್ತಪ್ರತಿಗಳ ಚಿತ್ರಗಳನ್ನು ತೆಗೆದು, ಸಂಶೋಧಕರು ಅದರ ವಿಷಯವನ್ನು ಓದುವುದಕ್ಕೂ ಲಿಪಿಕಾರನ ಕೈಬರಹವನ್ನು ಪರೀಕ್ಷಿಸುವುದಕ್ಕೂ ಅನುಕೂಲವಾಗುವಂತೆ ಮಾಡಬೇಕೆಂಬುದು ಅಂಥ ಒಂದು ಬೇಡಿಕೆ. ಪುಸ್ತಕಾಲಯದವರಿಗೆ ಗಣಕಯಂತ್ರದಲ್ಲಿ ಯಾವುದು ಸುಲಭ, ಯಾವುದು ಕಷ್ಟವೆಂಬುದು ತಿಳಿಯದು. ವಿದ್ಯಾರ್ಥಿಗಳಿಗೆ ಪುಸ್ತಕಾಲಯದ ವ್ಯವಹಾರ ತಿಳಿಯದು. ಬಾವಿ ತೋಡಿಸುವ ಯಜಮಾನನು ಇನ್ನು ಹತ್ತು ಅಡಿ ಇಳಿಸೆಂದು ಸುಲಭವಾಗಿ ಹೇಳಬಹುದು. ಆ ಹತ್ತು ಅಡಿಯಲ್ಲಿ ಮಣ್ಣಿದೆಯೋ ಬಂಡೆಯಿದೆಯೋ ಎಂಬುದರ ಮೇಲೆ ಖರ್ಚು ನಿಂತಿರುತ್ತದೆ. ಎಲ್ಲ ಚಿತ್ರಗಳೂ ಒಂದೇ ತೆರನಾಗಿದ್ದರೆ ಕೆಲಸ ಹಗುರ. ಜನರು ಆಡುವ ಮಾತಿನಲ್ಲಿಯೇ ಪ್ರಶ್ನೆ ಕೇಳಿ ಉತ್ತರ ಪಡೆಯಬೇಕೆಂದರೆ ಆ ಕಾಲಕ್ಕೆ ಅದು ಬಂಡೆ. ಆದುದರಿಂದ ಬೋಧಕರು ಒಂದೊಂದು ಬಗೆಯ ಕೆಲಸಕ್ಕೂ ಹಗುರ ಮಾಡುವ ಅಂಶಗಳ ಮತ್ತು ತೊಡಕು ಮಾಡುವ ಅಂಶಗಳ ಪಟ್ಟಿಯನ್ನು ಸಿದ್ಧಪಡಿಸಿ, ಉಭಯರೂ ಅದನ್ನು ಎದುರಿಗಿಟ್ಟುಕೊಂಡು ಮಾತನಾಡುವಂತೆ ಏರ್ಪಡಿಸಿದರು.

ಗ್ರಾಮದ ವ್ಯವಹಾರದಲ್ಲಿ ಈ ಅಂತರವು ಇನ್ನೂ ಹೆಚ್ಚು. ಒಂದೇ ಊರಿನಲ್ಲಿ ಒಂದೇ ಹೆಸರಿನವರು ನಾಲ್ವರಿರಬಹುದು. ಪಹಣಿ ತಂದೆಯ ಹೆಸರಿನಲ್ಲಿದ್ದು ಉಳುವವನು ಕಿರಿಯ ಮಗನಾಗಿರಬಹುದು. ಹಾಲು ಹಾಕುವವಳು ಸೊಸೆ, ಸಂಘದ ಸದಸ್ಯಳು ಅತ್ತೆ, ಎಂದಿರಬಹುದು. ಇವು ಊರಿನ ಮುಖಂಡರಿಗೆ ಹೇಳಬೇಕಾದ ಸಂಗತಿಗಳೆಂದೇ ತೋರುವುದಿಲ್ಲ. ಪಟ್ಟಣದಿಂದ ಬಂದ ವಿದ್ಯಾರ್ಥಿಗೆ ಕೇಳಬೇಕೆಂದು ಹೊಳೆಯುವುದಿಲ್ಲ. ಹೇಳದೆ ಬಿಟ್ಟ ಇಂಥ ಒಂದು ಸಂಗತಿಯಿಂದ ಒಬ್ಬರ ಹಣ ಮತ್ತೊಬ್ಬರ ಲೆಕ್ಕಕ್ಕೆ ಸೇರಿದರೆ, ಸಂಘದ ಮೇಲಣ ನಂಬಿಕೆಯೇ ಹೋಗುವುದು.

ಮಾದರಿಯನ್ನು ಮೊದಲೇ ನೋಡುವುದು.— ಏನು ಬೇಕೆಂದು ಕೇಳಿದರೆ, ಕಂಡಾಗ ತಿಳಿಯುವುದು ಎಂಬ ಉತ್ತರವೇ ಬಹುಮಂದಿಯಿಂದ ಬರುವುದೆಂದು ಬೋಮ್‌ರವರು ಕಂಡುಕೊಂಡಿದ್ದರು. ಇದು ತಪ್ಪಲ್ಲ, ಮನುಷ್ಯ ಸ್ವಭಾವ. ಆದುದರಿಂದ ತಂಡಗಳು ದೊಡ್ಡ ಕಡತ ಬರೆದು ಸಹಿ ಪಡೆಯುವುದಕ್ಕೆ ಬದಲಾಗಿ, ಆರಂಭದಲ್ಲಿಯೇ ಒರಟಾದ ಮಾದರಿಯೊಂದನ್ನು ಮಾಡಿ ಪುಸ್ತಕಾಲಯದವರಿಗೆ ತೋರಿಸಿದುವು. ಹೊಸ ನೇಗಿಲನ್ನು ಕೊಳ್ಳುವವನು ಅದನ್ನು ಒಂದು ಸಾಲು ಹೊಡೆದು ನೋಡುವಂತೆ, ಮಾದರಿಯನ್ನು ಮುಟ್ಟಿ ನೋಡಿದ ಮೇಲೆಯೇ ನಿಜವಾದ ಬೇಡಿಕೆಗಳು ಹೊರಬಿದ್ದುವು.

ಹದ ಮೀರದಿರುವುದು.— ವಿದ್ಯಾರ್ಥಿಗಳ ವರ್ಷ ಮುಗಿದೊಡನೆ ತಂಡ ಚದುರಿ ಹೋಗುವುದು. ಅವಧಿಯನ್ನು ಮುಂದೂಡುವ ಹಾಗಿಲ್ಲ. ಮುಂಗಾರಿನ ಹದವೂ ಹೀಗೆಯೇ ಅಲ್ಲವೇ? ಹದ ಮೀರುವುದಕ್ಕೆ ಮುಂಚೆ ಎಲ್ಲ ಹೊಲವನ್ನೂ ಬಿತ್ತಲಾಗದಿದ್ದರೆ, ಬುದ್ಧಿವಂತನಾದ ಬೇಸಾಯಗಾರನು ಒಳ್ಳೆಯ ಹೊಲವನ್ನು ಮೊದಲು ಬಿತ್ತುವನು. ಈ ವಿಶ್ವವಿದ್ಯಾನಿಲಯದಲ್ಲಿಯೂ ಅವಧಿಯನ್ನು ಸ್ಥಿರವಾಗಿಟ್ಟು, ಬೇಡಿಕೆಗಳನ್ನು ಮುಖ್ಯವಾದುವು ಮೊದಲಾಗುವಂತೆ ಜೋಡಿಸಿ, ಕಾಲ ಸಾಲದಿದ್ದಲ್ಲಿ ಕಡೆಯವುಗಳನ್ನು ಬಿಟ್ಟರೂ ಮುಖ್ಯವಾದುವಕ್ಕೆ ಧಕ್ಕೆ ಬಾರದಂತೆ ಯೋಜನೆ ಮಾಡುವ ಕ್ರಮವು ಬಳಕೆಗೆ ಬಂತು.

ಕೆಲಸವನ್ನು ಮೂರು ಕಡೆಗಳಲ್ಲಿ ನಿಲ್ಲಿಸಿ ಪರೀಕ್ಷಿಸುವುದೂ ಈ ಪದ್ಧತಿಯ ಒಂದು ಅಂಗ. ಮೊದಲನೆಯ ಪರೀಕ್ಷೆಯಲ್ಲಿ ಈ ಕೆಲಸವು ಸಾಧ್ಯವೇ, ಮಾಡಲು ತಕ್ಕುದೇ ಎಂಬುದು ವಿಚಾರಿಸಲ್ಪಡುವುದು. ಎರಡನೆಯದರಲ್ಲಿ ನಕ್ಷೆಯು ನಿಶ್ಚಯವಾಗಿ, ಕಾಲವೂ ಶ್ರಮವೂ ಸಾಲುವುದೆಂದು ಖಚಿತವಾಗಬೇಕು. ಮೂರನೆಯದರಲ್ಲಿ ತಂತ್ರಾಂಶ ಮಾತ್ರವಲ್ಲದೆ, ಅದನ್ನು ನಡೆಸುವ ಸ್ಥಳ, ಯಂತ್ರ ಮತ್ತು ಜನರು ಸಹ ಸಿದ್ಧವಾಗಿರಬೇಕು. ಯಾವ ಪರೀಕ್ಷೆಯಲ್ಲಿಯಾದರೂ ಉಭಯ ಪಕ್ಷದವರು ಒಪ್ಪದಿದ್ದರೆ ಮುಂದಿನ ಹೆಜ್ಜೆ ಇಡತಕ್ಕದ್ದಲ್ಲ.

ಕಳುಹಿಸುವ ಪ್ರತಿನಿಧಿ.— ಅತ್ಯಂತ ಮುಖ್ಯವಾದ ಪಾಠವು ಕೆಲಸ ಮುಗಿದ ನಂತರ ತಿಳಿದುಬಂತು. ಮೊದಲನೆಯ ಸಾಲಿನಲ್ಲಿ ಪೂರ್ಣವಾದ ತಂತ್ರಾಂಶಗಳನ್ನು ಪುಸ್ತಕಾಲಯದವರು ಮೆಚ್ಚಿದರು. ಆದರೂ ಅವುಗಳಲ್ಲಿ ಬಹುಭಾಗ ಬಳಕೆಯಲ್ಲಿ ನಿಲ್ಲಲಿಲ್ಲ. ಅವುಗಳನ್ನು ಮುಂದೆ ನಡೆಸಿಕೊಂಡು ಹೋಗುವುದಕ್ಕೆ ತಕ್ಕ ಸಿದ್ಧತೆ ಪುಸ್ತಕಾಲಯದಲ್ಲಿ ಆಗಿರಲಿಲ್ಲ. ಮಾತುಕತೆಗೆ ಬಂದವರಿಗೆ ಅದನ್ನು ಮಾಡಿಸುವ ಅಧಿಕಾರವೂ ಇರಲಿಲ್ಲ. ಇಂಥ ಅನುಭವಗಳಿಂದ, ಕೆಲಸ ಮಾಡಿಸುವವರ ಪ್ರತಿನಿಧಿಯಲ್ಲಿ ಐದು ಗುಣಗಳು ಅವಶ್ಯವೆಂದು ಬೋಮ್‌ರವರು ನಿರ್ಣಯಿಸಿದರು: ಮಾಡುವವರೊಡನೆ ಸೇರಿ ದುಡಿಯುವ ಮನಸ್ಸು, ಬಳಸುವ ಜನರ ಪರವಾಗಿ ಮಾತನಾಡುವ ಯೋಗ್ಯತೆ, ತೀರ್ಮಾನ ಕೊಡುವ ಅಧಿಕಾರ, ಕಡೆಯವರೆಗೂ ನಿಲ್ಲುವ ಶ್ರದ್ಧೆ, ಮತ್ತು ಕೆಲಸದ ತಿಳುವಳಿಕೆ. ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಎಂಬ ಗಾದೆಯನ್ನು ಬಲ್ಲ ಬೇಸಾಯಗಾರರಿಗೆ ಇದು ಹೊಸ ಮಾತಲ್ಲ.

ವಾರಣೆಯ ಉದಾಹರಣೆ.— ಬೇಸಾಯಕ್ಕೆ ಸಮೀಪವಾದ ನಿದರ್ಶನವೊಂದು ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯ ವಾರಣಾ ಸಕ್ಕರೆ ಸಹಕಾರ ಸಂಘದಲ್ಲಿ ದೊರೆಯುತ್ತದೆ. ಅಲ್ಲಿ ೧೯೯೮ರಲ್ಲಿ ಆರಂಭವಾದ ಯೋಜನೆಯಿಂದ ಗ್ರಾಮಗಳಲ್ಲಿ ಗಣಕಯಂತ್ರಗಳನ್ನು ಇರಿಸಲಾಯಿತು. ನಂತರ ಸಂಶೋಧಕರು ಬಂದು, ಅವುಗಳಿಂದ ನಡೆಯುತ್ತಿದ್ದ ಕಬ್ಬಿನ ವ್ಯವಹಾರದ ಕೆಲಸಗಳೆಲ್ಲವನ್ನೂ ಮೊಬೈಲ್ ದೂರವಾಣಿಯ ಸಣ್ಣ ಸಂದೇಶಗಳಿಂದಲೇ ಸಾಧಿಸುವ ತಂತ್ರಾಂಶವನ್ನು ರಚಿಸಿ, ಏಳು ಗ್ರಾಮಗಳಲ್ಲಿ ಎಂಟು ತಿಂಗಳು ಪರೀಕ್ಷಿಸಿದರು. ೨೦೦೭ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಈ ಕ್ರಮವು ಹಿಂದಿನದಕ್ಕಿಂತ ಕಡಿಮೆ ಖರ್ಚಿನದಾಗಿಯೂ ಹೆಚ್ಚು ಅನುಕೂಲವಾಗಿಯೂ ರೈತರಿಗೆ ಹೆಚ್ಚು ಪ್ರಿಯವಾಗಿಯೂ ಕಂಡುಬಂತು. ದೊಡ್ಡ ಯಂತ್ರವೇ ಒಳ್ಳೆಯದೆಂಬ ಭಾವನೆಯನ್ನು ಬಿಟ್ಟು, ಜನರು ನಿಜವಾಗಿ ಯಾವ ಕೆಲಸಕ್ಕೆ ಬರುತ್ತಾರೆಂಬುದನ್ನು ಮೊದಲು ನೋಡಬೇಕೆಂಬುದು ಇದರ ತಾತ್ಪರ್ಯ.

ಮೇಲೆ ವಿವರಿಸಿದ ಸಂಗತಿಗಳಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಅನುಸರಿಸಬಹುದಾದ ಸೂಚನೆಗಳು ಇವು:

೧. ವಿದ್ಯಾರ್ಥಿಗಳನ್ನು ಸಂಘದ ಕಚೇರಿಗೆ ಮಾತ್ರವಲ್ಲದೆ, ಹಾಲು ಅಳೆಯುವ ಹೊತ್ತಿಗೆ, ಗೊಬ್ಬರ ಹಂಚುವ ದಿನಕ್ಕೆ ಕರೆದು, ಕೆಲಸ ನಡೆಯುವ ರೀತಿಯನ್ನು ಕಣ್ಣಾರೆ ತೋರಿಸುವುದು.

೨. ಈಗಿರುವ ಲೆಕ್ಕದ ಪುಸ್ತಕಗಳನ್ನೂ ಅವುಗಳಲ್ಲಿ ಸಾಮಾನ್ಯವಾಗಿ ಬೀಳುವ ತಪ್ಪುಗಳನ್ನೂ ಮುಚ್ಚಿಡದೆ ತಿಳಿಸುವುದು.

೩. ಬೇಡಿಕೆಗಳನ್ನು ಮುಖ್ಯತೆಯ ಕ್ರಮದಲ್ಲಿ ಬರೆದು ಕೊಡುವುದು. ನಡುವೆ ಹೊಸದೊಂದನ್ನು ಸೇರಿಸಿದರೆ ಹಳೆಯದೊಂದನ್ನು ಬಿಡುವುದು.

೪. ಮೊದಲ ತಿಂಗಳುಗಳಲ್ಲಿಯೇ ಮಾದರಿಯನ್ನು ಕೇಳಿ, ಅದನ್ನು ಗುಮಾಸ್ತರಿಂದಲೂ ಅಕ್ಷರ ಕಡಿಮೆ ಬಲ್ಲ ಸದಸ್ಯರಿಂದಲೂ ಉಪಯೋಗಿಸಿ ನೋಡಿಸುವುದು.

೫. ಬಿಡುವಾಗಿದ್ದಾನೆಂಬ ಕಾರಣದಿಂದ ಯಾರನ್ನಾದರೂ ಕಳುಹಿಸದೆ, ಮೇಲ್ಕಂಡ ಐದು ಗುಣಗಳುಳ್ಳ ಒಬ್ಬರನ್ನು ಗೊತ್ತುಮಾಡುವುದು.

೬. ವಿದ್ಯಾರ್ಥಿಗಳು ಹೋದ ಮೇಲೆ ತಂತ್ರಾಂಶವನ್ನು ನೋಡಿಕೊಳ್ಳುವವರು ಯಾರು, ಅದರ ಖರ್ಚು ಎಲ್ಲಿಂದ, ದಾಖಲೆಗಳ ಪ್ರತಿ ಎಲ್ಲಿರತಕ್ಕದ್ದು ಎಂಬುದನ್ನು ಕೆಲಸ ಆರಂಭವಾಗುವುದಕ್ಕೆ ಮುಂಚೆಯೇ ಸಭೆಯಲ್ಲಿ ನಿಶ್ಚಯಿಸಿ ಬರೆದಿಡುವುದು. ಹೊಸ ಲೆಕ್ಕವು ಸರಿಯೆಂದು ರುಜುವಾತಾಗುವವರೆಗೆ ಹಳೆಯ ಪುಸ್ತಕಗಳನ್ನೂ ಜೊತೆಯಲ್ಲಿಯೇ ನಡೆಸುವುದು.

ಸಸಿಯನ್ನು ನೆಟ್ಟವನು ನೀರಿಗೂ ಬೇಲಿಗೂ ಏರ್ಪಾಡು ಮಾಡದಿದ್ದರೆ ನೆಟ್ಟ ಶ್ರಮವು ವ್ಯರ್ಥ. ವಿದ್ಯಾರ್ಥಿಗಳು ಮಾಡಿಕೊಡುವ ತಂತ್ರಾಂಶವೂ ಅಂಥ ಸಸಿಯೇ ಆಗಿರುವುದು. ಸೂಚನೆಗಳನ್ನು ಅನುಸರಿಸುವುದರಲ್ಲಿ ಮುಖಂಡರು ತೋರಿಸುವ ಎಚ್ಚರಿಕೆಯಿಂದ ಗ್ರಾಮದ ಹಣವು ಉಳಿಯುವುದಲ್ಲದೆ, ಪ್ರತಿಯೊಬ್ಬ ರೈತನ ಲೆಕ್ಕವೂ ಅವನಿಗೆ ಕಾಣುವಂತೆ ಸರಿಯಾಗಿರುವುದು.