ಗಾಜಿನಾಚೆಯ ಹಸಿವು ನಂಬಬೇಡಿ!

ಆಫೀಸಿನಿಂದ ಬಂದು ಶೂ ಬಿಚ್ಚುವಷ್ಟರಲ್ಲೇ ಹದಿನಾಲ್ಕು ನೀಲಿ ಮೀನುಗಳು ಗಾಜಿಗೆ ಮುಖ ಒತ್ತಿ ಕುಣಿಯಲು ಶುರು ಮಾಡುತ್ತವೆ. ನೋಡಿದವರಿಗೆ, ಪಾಪ, ಮೂರು ದಿನದಿಂದ ಊಟವನ್ನೇ ಕಂಡಿಲ್ಲ ಅನ್ನಿಸಬೇಕು. ಮೊದಮೊದಲು ನನಗೂ ಹಾಗೇ ಅನ್ನಿಸ್ತಿತ್ತು. ಆ ಕರುಣೆಗೆ ನಾಲ್ಕು ಮೀನುಗಳು ಬಲಿಯಾದವು.

ಇವುಗಳ ಹೆಸರು ಡೆಮಸೋನಿ. ಬೆರಳುದ್ದದ ಮೈ, ಅದರ ಮೇಲೆ ತಿಳಿನೀಲಿ, ಕಡುನೀಲಿ ಪಟ್ಟೆ. ತವರು ಆಫ್ರಿಕಾದ ಮಲಾವಿ ಸರೋವರದ ತಾಂಜಾನಿಯಾ ದಂಡೆ. ಅಲ್ಲಿನ ಬಂಡೆಗಳ ನಡುವೆ ಬದುಕುವ ಸಿಕ್ಲಿಡ್ ಮೀನುಗಳನ್ನು ‘ಎಂಬೂನಾ’ ಅಂತಾರೆ. ಬಂಡೆಗೆ ಅಂಟಿದ ಪಾಚಿಯನ್ನು ದಿನವಿಡೀ ಕೆರೆದು ತಿನ್ನೋದೇ ಇವುಗಳ ಕೆಲಸ. ಪಾಚಿಯ ಜೊತೆ ಸಣ್ಣಪುಟ್ಟ ಹುಳುಗಳೂ ಹೊಟ್ಟೆ ಸೇರುತ್ತವೆ, ಆದರೆ ಮುಖ್ಯ ಊಟ ಹಸಿರೇ. ಅದನ್ನು ನಿಧಾನವಾಗಿ ಅರಗಿಸಲು ಕರುಳೂ ಉದ್ದ. ನೀರೊಳಗಿನ ಹಸುಗಳು ಅಂದ್ಕೊಳ್ಳಿ.

ತಪ್ಪಿದ್ದು ಎಲ್ಲಿ?

ಬಣ್ಣ ಚೆನ್ನಾಗಿ ಬರುತ್ತೆ ಅಂತ ಅಂಗಡಿಯವರು ಫ್ರೋಜನ್ ಬ್ಲಡ್‌ವರ್ಮ್ ಕೊಟ್ಟರು. ನಾನು ದಿನಾ ಹಾಕಿದೆ. ಊರಿಂದ ಬಂದಿದ್ದ ಅಮ್ಮ, “ಪಾಪ ಕಣೇ, ಹೇಗೆ ಬಾಯಿ ಬಿಡ್ತಿವೆ ನೋಡು” ಅಂತ ಮಧ್ಯಾಹ್ನ ಇನ್ನೊಂದು ಸಲ ಹಾಕಿದರು. ಎರಡು ವಾರ ಹಬ್ಬದೂಟ. ಆಮೇಲೆ ಒಂದು ಮೀನು ಊಟ ಬಿಟ್ಟು ಮೂಲೆ ಸೇರಿತು. ಹೊಟ್ಟೆ ಉಬ್ಬಿತು, ಬಿಳಿ ದಾರದಂಥ ಮಲ. ಇದಕ್ಕೆ ‘ಮಲಾವಿ ಬ್ಲೋಟ್’ ಅಂತ ಹೆಸರಿದೆ ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ತಪ್ಪು ಆಹಾರ, ಕೊಳೆ ನೀರು, ಒತ್ತಡ ಎಲ್ಲವೂ ಈ ಕಾಯಿಲೆಗೆ ದಾರಿ. ಹತ್ತು ದಿನದಲ್ಲಿ ಹದಿನೈದು ಹನ್ನೊಂದಾಯಿತು.

“ನಾನೇ ಕೊಂದ್ನೇನೋ” ಅಂತ ಅಮ್ಮ ಕಣ್ಣು ಒರೆಸಿಕೊಂಡರು. ಅವರದೇನು ತಪ್ಪು? ಸಾಕುವ ಮುಂಚೆ ಓದಬೇಕಾದವಳು ನಾನು.

ಈಗಿನ ಮೆನು

ಬೆಳಿಗ್ಗೆ, ಸಂಜೆ ಸ್ಪಿರುಲಿನಾ ಫ್ಲೇಕ್ಸ್, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು ಮಾತ್ರ. ಡಬ್ಬಿಯ ಹಿಂದಿನ ಪಟ್ಟಿ ಓದಿಯೇ ಕೊಳ್ಳುತ್ತೇನೆ. ಹೆಸರಲ್ಲಿ ಸ್ಪಿರುಲಿನಾ, ಒಳಗೆ ಬರೀ ಮೀನಿನ ಪುಡಿ ಇರೋದೂ ಉಂಟು. ವಾರಕ್ಕೊಮ್ಮೆ ಬಿಸಿನೀರಲ್ಲಿ ಅದ್ದಿ ಆರಿಸಿದ ಪಾಲಕ್, ಇಲ್ಲವೇ ಸಿಪ್ಪೆ ತೆಗೆದ ಬಟಾಣಿ. ಉಪ್ಪು ಬೇಡ. ಕಲ್ಲಿನ ಮೇಲಿನ ಪಾಚಿ ಉಜ್ಜೋದನ್ನೂ ಬಿಟ್ಟಿದ್ದೇನೆ, ಅದು ಅವರ ಸ್ನ್ಯಾಕ್ಸ್. ಶನಿವಾರ ಪೂರ್ತಿ ಉಪವಾಸ.

ನಮ್ಮ ಬೆಂಗಳೂರಿನ ಬೋರ್‌ವೆಲ್ ನೀರು ಗೀಸರ್‌ಗೆ ಶತ್ರು, ಇವಕ್ಕೆ ಮಿತ್ರ. ಮಲಾವಿ ಮೀನಿಗೆ ಗಡಸು ನೀರೇ ಬೇಕು, ಪಿಎಚ್ 7.8ರಿಂದ 8.5. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಲೇಬೇಕು. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿ.

ಟ್ಯಾಂಕ್ ನಾಲ್ಕು ಅಡಿಯಾದರೂ ಇರಲಿ. ಮರಳಿಗಿಂತ ಮೊದಲು ಕಲ್ಲು ಜೋಡಿಸಿ. ಇವು ಮರಳು ಅಗೆದರೆ ಕಲ್ಲು ಉರುಳುತ್ತೆ. ನಾಲ್ಕೈದು ಮೀನು ಮಾತ್ರ ತರಬೇಡಿ. ಜಗಳಗಂಟ ಗಂಡು ಒಂದೊಂದನ್ನೇ ಅಟ್ಟಾಡಿಸಿ ಸಾಯಿಸುತ್ತೆ. ಹನ್ನೆರಡಕ್ಕಿಂತ ಹೆಚ್ಚಿದ್ದರೆ ಸಿಟ್ಟು ಹಂಚಿಹೋಗುತ್ತೆ.

ಕಳೆದ ಬೇಸಿಗೆಯಲ್ಲಿ ಒಂದು ಹೆಣ್ಣು ಮತ್ತೆ ಊಟ ಬಿಟ್ಟಿತು. ನನ್ನ ಎದೆ ಧಸಕ್ಕೆಂದಿತು. ಹತ್ತಿರ ಹೋಗಿ ನೋಡಿದರೆ ಉಬ್ಬಿದ್ದು ಹೊಟ್ಟೆಯಲ್ಲ, ಗಲ್ಲ! ಬಾಯೊಳಗೆ ಮೊಟ್ಟೆ ಇಟ್ಟುಕೊಂಡಿತ್ತು. ಸುಮಾರು ಮೂರು ವಾರ ಹಾಗೇ ಇದ್ದು ಮರಿಗಳನ್ನು ಹೊರಬಿಟ್ಟಿತು. ಕಲ್ಲುಸಂದಿಯಲ್ಲಿ ಅಡಗಿ ಮೂರು ಬದುಕಿದವು.

ಅಮ್ಮ ಈಗಲೂ ದಿನಾ ವಿಡಿಯೋ ಕಾಲ್‌ನಲ್ಲಿ ಅವುಗಳನ್ನು ನೋಡಬೇಕು. ಪ್ರಶ್ನೆ ಮಾತ್ರ ಬದಲಾಗಿದೆ. “ಊಟ ಹಾಕಿದ್ಯಾ?” ಅಂತ ಕೇಳಲ್ಲ. “ಜಾಸ್ತಿ ಹಾಕಿಲ್ಲ ತಾನೇ?” ಅಂತಾರೆ.