ರಿಯೊ ಗ್ರಾಂಡೆ ಕಣಿವೆಯ ಆರ್‌ವಿ ಪಾರ್ಕುಗಳು ಮತ್ತು ಪಕ್ಷಿವೀಕ್ಷಣೆ

ಕೆಳ ರಿಯೊ ಗ್ರಾಂಡೆ ಕಣಿವೆಯು ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಾಸ್ ರಾಜ್ಯದ ದಕ್ಷಿಣ ತುದಿಯಲ್ಲಿ, ಮೆಕ್ಸಿಕೊ ಗಡಿಗೆ ಹೊಂದಿಕೊಂಡಿರುವ ಪ್ರದೇಶವಾಗಿದೆ. ಇಲ್ಲಿನ ಆರ್‌ವಿ ಪಾರ್ಕುಗಳು, ಅಂದರೆ ವಾಸಕ್ಕೆ ಅನುಕೂಲವಾದ ವಾಹನಗಳನ್ನು ನಿಲ್ಲಿಸಿ ತಂಗುವ ತಾಣಗಳು, ಚಳಿಗಾಲದ ವಸತಿಗೂ ಪಕ್ಷಿವೀಕ್ಷಣೆಗೂ ಹೆಸರಾಗಿವೆ. ಇದುವರೆಗೆ ಈ ಪ್ರದೇಶದಲ್ಲಿ 500ಕ್ಕೂ ಹೆಚ್ಚು ಪಕ್ಷಿ ಪ್ರಭೇದಗಳು ದಾಖಲಾಗಿವೆ.

ವಿಂಟರ್ ಟೆಕ್ಸನ್ನರು

ಅಮೆರಿಕದ ಉತ್ತರದ ರಾಜ್ಯಗಳು ಮತ್ತು ಕೆನಡಾದಿಂದ ಚಳಿಯನ್ನು ತಪ್ಪಿಸಿಕೊಂಡು ದಕ್ಷಿಣಕ್ಕೆ ಬರುವವರನ್ನು 'ಸ್ನೋಬರ್ಡ್' ಎಂದು ಕರೆಯುತ್ತಾರೆ. ಟೆಕ್ಸಾಸಿನಲ್ಲಿ ಇವರಿಗೆ 'ವಿಂಟರ್ ಟೆಕ್ಸನ್' ಎಂಬ ಹೆಸರಿದೆ. ಇವರಲ್ಲಿ ಹೆಚ್ಚಿನವರು ನಿವೃತ್ತರು. ಪಾರ್ಕಿನಲ್ಲಿ ಪ್ರತಿ ವಾಹನಕ್ಕೂ ಒಂದು ನಿವೇಶನ, ನೀರು, ವಿದ್ಯುತ್ ಹಾಗೂ ಒಳಚರಂಡಿಯ ಸಂಪರ್ಕ ದೊರೆಯುತ್ತದೆ. ಬಾಡಿಗೆಯನ್ನು ತಿಂಗಳಿಗೆ ಅಥವಾ ಇಡೀ ಋತುವಿಗೆ ನಿಗದಿಪಡಿಸಲಾಗುತ್ತದೆ. ಮಿಷನ್, ಮೆಕ್ಯಾಲೆನ್, ವೆಸ್ಲಾಕೊ ಮತ್ತು ಹಾರ್ಲಿಂಜನ್ ಪಟ್ಟಣಗಳ ಸುತ್ತಮುತ್ತ ಇಂತಹ ಪಾರ್ಕುಗಳು ಅನೇಕವಿವೆ.

ಕಾಣಸಿಗುವ ಪಕ್ಷಿಗಳು

ಕಣಿವೆಯೆಂದು ಕರೆಯಲ್ಪಟ್ಟರೂ ಇದು ವಾಸ್ತವವಾಗಿ ನದಿಯ ಮುಖಜ ಬಯಲು. ಉಪೋಷ್ಣವಲಯದ ಹವಾಗುಣವಿರುವುದರಿಂದ ಮೆಕ್ಸಿಕೊದ ಅನೇಕ ಪಕ್ಷಿಗಳ ವ್ಯಾಪ್ತಿಯ ಉತ್ತರದ ಅಂಚು ಇಲ್ಲಿದೆ. ಹಸಿರು ಜೇ, ಗ್ರೇಟ್ ಕಿಸ್ಕಡೀ ಮತ್ತು ಚಾಚಲಾಕಾ ವರ್ಷವಿಡೀ ಇಲ್ಲಿಯೇ ವಾಸಿಸುತ್ತವೆ. ಕಿಸ್ಕಡೀಗೆ ಅದರ ಕೂಗಿನಿಂದಲೇ ಆ ಹೆಸರು ಬಂದಿದೆ. ಆಲ್ಟಮೀರಾ ಓರಿಯೋಲ್ ಉದ್ದನೆಯ ಚೀಲದಂತಹ ತೂಗುಗೂಡನ್ನು ಹೆಣೆಯುತ್ತದೆ. ಭಾರತದ ಹೊನ್ನಕ್ಕಿಯನ್ನೂ ಇಂಗ್ಲಿಷಿನಲ್ಲಿ ಓರಿಯೋಲ್ ಎನ್ನುತ್ತಾರಾದರೂ ಇವೆರಡೂ ಬೇರೆ ಬೇರೆ ಕುಟುಂಬಗಳಿಗೆ ಸೇರಿವೆ.

ಚಳಿಗಾಲದಲ್ಲಿ ಉತ್ತರದಿಂದ ಬಾತುಗಳೂ ಉಲಿಯಕ್ಕಿಗಳೂ ಬಂದು ಸೇರುತ್ತವೆ. ಇವುಗಳಲ್ಲಿ ಸೂಜಿಬಾಲದ ಬಾತು ಮತ್ತು ಸಲಿಕೆಯಂತಹ ಕೊಕ್ಕಿನ ಶೋವೆಲರ್ ಬಾತುಗಳು ಕರ್ನಾಟಕದ ಕೆರೆಗಳಿಗೂ ಚಳಿಗಾಲದ ಅತಿಥಿಗಳಾಗಿ ಬರುವ ಪ್ರಭೇದಗಳಾಗಿವೆ.

ಆವಾಸದ ನಾಶ ಮತ್ತು ಪಾರ್ಕುಗಳ ಪಾತ್ರ

1904ರಲ್ಲಿ ರೈಲುಮಾರ್ಗವು ಬ್ರೌನ್ಸ್‌ವಿಲ್ ತಲುಪಿದ ನಂತರ ನೀರಾವರಿ ಕೃಷಿ ವೇಗವಾಗಿ ಹಬ್ಬಿತು. ಕುರುಚಲು ಕಾಡನ್ನು ಕಡಿದು ಹತ್ತಿ, ಕಬ್ಬು, ಕಿತ್ತಳೆ ಜಾತಿಯ ಹಣ್ಣುಗಳನ್ನು ಬೆಳೆಯಲಾಯಿತು. ನಂತರ ಪಟ್ಟಣಗಳು ಬೆಳೆದವು. ಮೂಲ ಸಸ್ಯಸಂಪತ್ತಿನಲ್ಲಿ ಶೇಕಡ 95ರಷ್ಟು ಇಂದು ಉಳಿದಿಲ್ಲ. 1954ರಲ್ಲಿ ಪೂರ್ಣಗೊಂಡ ಫಾಲ್ಕನ್ ಅಣೆಕಟ್ಟು ಪ್ರವಾಹವನ್ನು ತಡೆದುದರಿಂದ ನದಿಯಂಚಿನ ಕಾಡಿಗೆ ನೀರು ಕಡಿಮೆಯಾಯಿತು. ಉಳಿದ ತುಣುಕುಗಳನ್ನು ಕಾಯ್ದುಕೊಳ್ಳಲು 1943ರಲ್ಲಿ ಸಾಂಟಾ ಆನಾ ರಾಷ್ಟ್ರೀಯ ವನ್ಯಜೀವಿ ಧಾಮವನ್ನೂ, 1979ರಲ್ಲಿ ಹಲವು ತುಂಡುಭೂಮಿಗಳನ್ನು ಜೋಡಿಸುವ ಉದ್ದೇಶದ ಕೆಳ ರಿಯೊ ಗ್ರಾಂಡೆ ಕಣಿವೆ ಧಾಮವನ್ನೂ ಸ್ಥಾಪಿಸಲಾಯಿತು.

ಇಂತಹ ಭೂದೃಶ್ಯದಲ್ಲಿ ಮರಗಿಡಗಳಿರುವ ಆರ್‌ವಿ ಪಾರ್ಕು ಪಕ್ಷಿಗಳಿಗೆ ಆಸರೆಯಾಗಬಲ್ಲದು. ಇದಕ್ಕೆ ವೆಸ್ಲಾಕೊದ ಎಸ್ಟೆರೊ ಯಾನೊ ಗ್ರಾಂಡೆ ರಾಜ್ಯ ಉದ್ಯಾನವು ಸ್ಪಷ್ಟ ನಿದರ್ಶನ. ಅದರ 'ಟ್ರಾಪಿಕಲ್ ಜೋನ್' ಭಾಗವು ಹಿಂದೆ ವಾಹನವಸತಿಯ ಪಾರ್ಕಾಗಿತ್ತು. ಅಲ್ಲಿ ಬೆಳೆದಿದ್ದ ಮರಗಳು ಇಂದು ಅಪರೂಪದ ಪಕ್ಷಿಗಳಿಗೆ ನೆಲೆಯಾಗಿವೆ. ಮಿಷನ್ ಬಳಿಯ ಬೆಂಟ್ಸನ್ ರಾಜ್ಯ ಉದ್ಯಾನದಲ್ಲಿ ಬೇರೊಂದು ಬಗೆಯ ಬದಲಾವಣೆಯಾಯಿತು. ಅಲ್ಲಿ ಆರ್‌ವಿಗಳಲ್ಲಿ ತಂಗುತ್ತಿದ್ದವರು ಹಕ್ಕಿಗಳಿಗೆ ಆಹಾರ ಇಡುತ್ತಿದ್ದರು. ಉದ್ಯಾನವು ಒಂಬತ್ತು ತಾಣಗಳ 'ವರ್ಲ್ಡ್ ಬರ್ಡಿಂಗ್ ಸೆಂಟರ್' ಜಾಲದ ಕೇಂದ್ರವಾದಾಗ ಆರ್‌ವಿ ವಸತಿ ನಿಂತಿತು. ಈಗ ಸಂದರ್ಶಕರು ಕಾಲ್ನಡಿಗೆಯಲ್ಲಿ, ಸೈಕಲ್ಲಿನಲ್ಲಿ ಅಥವಾ ಉದ್ಯಾನದ ಟ್ರ್ಯಾಮಿನಲ್ಲಿ ಸಂಚರಿಸುತ್ತಾರೆ.

ಆಹಾರ ನೀಡಿಕೆ ಮತ್ತು ಗಣತಿ

ಪಾರ್ಕುಗಳ ನಿವಾಸಿಗಳು ಸೂರ್ಯಕಾಂತಿ ಬೀಜ, ಅರ್ಧ ಹೋಳಾದ ಕಿತ್ತಳೆ ಮತ್ತು ಸಕ್ಕರೆ ನೀರನ್ನು ಇಟ್ಟು ಹಕ್ಕಿಗಳನ್ನು ಸೆಳೆಯುತ್ತಾರೆ. ಆಹಾರದ ಪಾತ್ರೆಗಳನ್ನು ಆಗಾಗ ತೊಳೆಯದಿದ್ದರೆ, ಒಂದೆಡೆ ಗುಂಪುಗೂಡುವ ಹಕ್ಕಿಗಳಲ್ಲಿ ಸಾಲ್ಮೊನೆಲ್ಲಾದಂತಹ ಸೋಂಕು ಹರಡುತ್ತದೆ. ದೊಡ್ಡ ಗಾಜಿನ ಕಿಟಕಿಗಳಿಗೆ ಬಡಿದು ಹಕ್ಕಿಗಳು ಸಾಯುವ ಅಪಾಯವೂ ಇದೆ. ಹೀಗಾಗಿ ಬೀಜ ಇಡುವುದಕ್ಕಿಂತ ಸ್ಥಳೀಯ ಹಣ್ಣಿನ ಗಿಡಗಳನ್ನು ಬೆಳೆಸುವುದು ಹೆಚ್ಚು ಬಾಳಿಕೆಯ ಉಪಾಯವಾಗಿದೆ.

ಪಾರ್ಕುಗಳಲ್ಲಿ ತಿಂಗಳುಗಟ್ಟಲೆ ತಂಗುವವರು ಕ್ರಿಸ್ಮಸ್ ಪಕ್ಷಿಗಣತಿಯಲ್ಲಿ ಸ್ವಯಂಸೇವಕರಾಗಿ ಭಾಗವಹಿಸಬಹುದು. ಫ್ರಾಂಕ್ ಚಾಪ್ಮನ್ 1900ರಲ್ಲಿ ಆರಂಭಿಸಿದ ಈ ಗಣತಿಯು ಪ್ರತಿವರ್ಷ ಡಿಸೆಂಬರ್ 14ರಿಂದ ಜನವರಿ 5ರ ನಡುವೆ, 15 ಮೈಲಿ ವ್ಯಾಸದ ವೃತ್ತಗಳಲ್ಲಿ ನಡೆಯುತ್ತದೆ. ಒಂದೇ ವೃತ್ತದಲ್ಲಿ ವರ್ಷವರ್ಷವೂ ಎಣಿಸುವುದರಿಂದ ಪ್ರಭೇದಗಳ ಏರಿಳಿತವನ್ನು ದೀರ್ಘಕಾಲದವರೆಗೆ ಹೋಲಿಸಲು ಸಾಧ್ಯವಾಗುತ್ತದೆ.